ಗಟ್ಟಿಯಾಗಿ ಮಾಡಿದ ಪ್ರಾರ್ಥನೆ

ಚರ್ಚಿನ ಸಭಾಪಾಲಕರಿಗೆ ನೇಮಕದ ಪತ್ರ ಬರುತ್ತದೆ. ಅವರ ಹೆಂಡತಿಗೆ ಬರುವುದಿಲ್ಲ. ಕೆಲಸ ಮಾತ್ರ ಇಬ್ಬರಿಗೂ ಒಂದೇ ದಿನ ಆರಂಭವಾಗುತ್ತದೆ.

ಕೋಮಲ ಅಮ್ಮನವರು ನಂಜನಗೂಡಿನವರು. ಮದುವೆಗೆ ಮೊದಲು ಅಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು. ಅವರ ಪತಿ ಸೋಮಶೇಖರ್ ಅಯ್ಯನವರು ತಿ. ನರಸೀಪುರದ ನಮ್ಮ ಚಿಕ್ಕ ಸಭೆಗೆ ಬಂದ ಮೊದಲ ವಾರವೇ ಸಭೆಯ ಹಿರಿಯ ಹೆಂಗಸೊಬ್ಬರು ತೀರಿಕೊಂಡರು. ಮೈ ತೊಳೆಸಿ ಸೀರೆ ಉಡಿಸಬೇಕಾದವರು ಅಮ್ಮನವರೇ ಎಂದು ಹೆಂಗಸರೆಲ್ಲ ದಾರಿ ಬಿಟ್ಟು ನಿಂತರು. ಹಿಂದೆಂದೂ ಹೆಣ ಮುಟ್ಟಿರದ ಅಮ್ಮನವರೇ ನೆರಿಗೆ ಹಿಡಿದರು. ಅಲ್ಲಿಂದ ಮುಂದೆ ರೇಷನ್ ಕಾರ್ಡಿನ ಅರ್ಜಿ, ಹೆರಿಗೆ ವಾರ್ಡಿನ ಹೊರಗಿನ ಬೆಂಚು, ಅತ್ತೆ ಸೊಸೆಯರ ಮುನಿಸು, ಯಾವ ಕೀರ್ತನೆಗೆ ಯಾವ ರಾಗವೆಂಬ ವ್ಯಾಜ್ಯ, ಎಲ್ಲವೂ ಅವರ ಅಡುಗೆಮನೆಯ ಬಾಗಿಲಿಗೇ ಬಂದವು. ಎಲ್ಲಕ್ಕೂ ಅವರು ಸೈ. ಅವರ ಕೈ ಜಾರಿದ್ದು ಒಂದೇ ಕಡೆ. ಅದನ್ನು ಬರೆಯಲು ಸಂಬಂಧಪಟ್ಟ ಇಬ್ಬರೂ ನನಗೆ ಒಪ್ಪಿಗೆ ಕೊಟ್ಟಿದ್ದಾರೆ, ಒಬ್ಬರು ಬೇಗ, ಇನ್ನೊಬ್ಬರು ಬಹಳ ತಡವಾಗಿ.

ಇನ್ನೊಬ್ಬರೆಂದರೆ ಸೋಸಲೆಯ ಮಂಚಮ್ಮನವರು. ಕೂಲಿ ಮಾಡಿ ಮಗಳನ್ನು ಓದಿಸಿ ದಡ ಸೇರಿಸಿದವರು, ಐವತ್ತೆಂಟರ ಪ್ರಾಯ. ಹನ್ನೊಂದು ವರ್ಷಗಳಿಂದ ಶುಕ್ರವಾರದ ಸ್ತ್ರೀಕೂಟದ ಮೊದಲ ಸಾಲು ಅವರದೇ. ಮಡಿಲಲ್ಲಿ ವೇದಪುಸ್ತಕ ತೆರೆದೇ ಇರುತ್ತಿತ್ತು. ನಾನು ಒಂದು ವಚನವನ್ನು ಆರಂಭಿಸಿದರೆ ಅದನ್ನು ಅವರು ನನಗಿಂತ ಮೊದಲೇ ಮುಗಿಸುತ್ತಿದ್ದರು. ಓದಿರೆಂದು ಕರೆದ ದಿನ ಮಾತ್ರ ಕನ್ನಡಕ ಮನೆಯಲ್ಲೇ ಉಳಿದಿರುತ್ತಿತ್ತು. ಅವರಿಗೆ ಒಂದಕ್ಷರವೂ ಬಾರದು, ಎಲ್ಲವೂ ಬಾಯಿಪಾಠ ಎಂಬ ಅನುಮಾನ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಈ ಸಭೆಯಲ್ಲಿ ಸಂಬಳವಿಲ್ಲದೆ ವಾಕ್ಯ ಬೋಧಿಸುತ್ತಿರುವ ನನಗೂ ಬರಲಿಲ್ಲ. ವರ್ಷಕ್ಕೊಮ್ಮೆ ಬರುವ ಸ್ತ್ರೀಯರ ಭಾನುವಾರದ ಆರಾಧನೆಯಲ್ಲಿ ವೇದಪಾಠ ಓದಲು ಮೂರು ತಿಂಗಳು ಮುಂಚಿತವಾಗಿ ಅವರ ಹೆಸರನ್ನು ಬರೆದವನು ನಾನೇ. ಆಕೆಗೆ ಗೌರವ ಸಲ್ಲಿಸುತ್ತಿದ್ದೇನೆಂದು ತಿಳಿದಿದ್ದೆ.

ಓದುವವರ ಪಟ್ಟಿ ಅಂಟಿಸಿದ ಮರುದಿನವೇ ಮಂಚಮ್ಮನವರು ಅಮ್ಮನವರ ಅಡುಗೆಮನೆಗೆ ಹೋಗಿ, ಬಾಗಿಲಿನ ಚಿಲಕ ತಾವೇ ಹಾಕಿ, ಇದ್ದದ್ದನ್ನು ಹೇಳಿಕೊಂಡರು. ಯಾರಿಗೂ ತಿಳಿಯಬಾರದೆಂಬುದು ಅವರ ಒಂದೇ ಷರತ್ತು. ಅಮ್ಮನವರು ಅವರ ಕೈ ಹಿಡಿದು ಮಾತು ಕೊಟ್ಟರು.

ಅಂದಿನಿಂದ ಪ್ರತಿ ಮಂಗಳವಾರ ಮಂಚಮ್ಮನವರು ಸೊಪ್ಪಿನ ಕಟ್ಟು ಹಿಡಿದು ಬಸ್ಸಿಳಿಯುವರು. ಅಮ್ಮನವರ ಮನೆಯಲ್ಲಿ ವಾರವಿಡೀ ಬಸ್ಸಾರೇ ಏನು ಎಂದು ನೆರೆಯವರು ನಗೆಯಾಡುತ್ತಿದ್ದರು. ಒಳಗೆ ಸೊಪ್ಪಿನ ಮೊರದ ಕೆಳಗೆ ಸ್ಲೇಟು. ಕಾಗುಣಿತ ಬೇಗ ಒಲಿಯಿತು, ಒತ್ತಕ್ಷರ ಕಾಡಿಸಿತು. ಎರಡು ತಿಂಗಳು ತುಂಬುವ ಹೊತ್ತಿಗೆ ಒಂದು ಶುಕ್ರವಾರ, ಕೂಟಕ್ಕೆ ಬಂದ ಮಂಚಮ್ಮನವರು ಅಮ್ಮನವರನ್ನು ಬದಿಗೆ ಕರೆದು, ಯಾರನ್ನೂ ಕೇಳದೆ ಬಸ್ಸಿನ ಬೋರ್ಡನ್ನು ತಾನೇ ಓದಿ ಹತ್ತಿದೆನೆಂದು ಪಿಸುಗುಟ್ಟಿದರು. ಆ ಸಂತೋಷ ಅಮ್ಮನವರ ಎದೆಯಲ್ಲಿ ಹಿಡಿಸಲಿಲ್ಲ.

ನಮ್ಮವರ ಪ್ರಾರ್ಥನೆಯ ರೂಢಿಯನ್ನು ಇಲ್ಲಿ ಹೇಳಲೇಬೇಕು. ನಾವು ದೇವರಿಗೆ ಸೂಚ್ಯವಾಗಿ ಏನನ್ನೂ ಹೇಳುವವರಲ್ಲ. ಹೆಸರು, ಊರು, ಕಾಯಿಲೆ, ವೈದ್ಯರು ಬರೆದ ಮಾತ್ರೆ, ಎಲ್ಲವನ್ನೂ ಬಿಡಿಸಿ, ಗಟ್ಟಿಯಾಗಿ, ಕಣ್ಮುಚ್ಚಿ ಅರಿಕೆ ಮಾಡುತ್ತೇವೆ. ಹೆಚ್ಚು ವಿವರ ಹೇಳಿದವರಿಗೆ ಹೆಚ್ಚು ಭಕ್ತಿಯೆಂಬ ಭಾವನೆಯೂ ನಮ್ಮಲ್ಲುಂಟು. ಅಂದು ಕೃತಜ್ಞತಾಸ್ತುತಿಯ ಸಮಯದಲ್ಲಿ ಅಮ್ಮನವರು ಎದ್ದು ನಿಂತರು.

"ತಂದೆಯೇ, ಈ ಪ್ರಾಯದಲ್ಲಿ ನಮ್ಮ ಮಂಚಮ್ಮಕ್ಕನಿಗೆ ಅಕ್ಷರ ಕಲಿಸಿದೆಯಲ್ಲಾ, ಇಂದು ತಾವಾಗಿಯೇ ಬಸ್ಸಿನ ಬೋರ್ಡನ್ನು ಓದಿದರಲ್ಲಾ, ನಿನಗೆ ಸ್ತೋತ್ರ."

ಪ್ರತಿ ಮಾತಿಗೂ ಸ್ತೋತ್ರ, ಸ್ತೋತ್ರ ಎನ್ನುತ್ತಿದ್ದ ಹೆಂಗಸರ ಧ್ವನಿ ತಟ್ಟನೆ ನಿಂತಿತು. ಅಮ್ಮನವರು ಕಣ್ಣು ತೆರೆದರು. ಇಪ್ಪತ್ತು ಜೋಡಿ ಕಣ್ಣುಗಳು ಪ್ರಾರ್ಥನೆಯ ನಡುವೆಯೇ ತೆರೆದುಕೊಂಡು ಮೊದಲ ಸಾಲನ್ನು ನೋಡುತ್ತಿದ್ದವು.

ಚಹಾದ ಹೊತ್ತಿನಲ್ಲಿ ಕೂಟದ ಕಾರ್ಯದರ್ಶಿ ನಾಗರತ್ನಮ್ಮನವರು, "ಅಲ್ಲ ಕಣ್ ಮಂಚಮ್ಮಕ್ಕ, ಹನ್ನೊಂದ್ ವರ್ಷ ಪುಸ್ತಕಾನ ತಲೆಕೆಳಗಾಗಿ ಹಿಡ್ಕೊಂಡಿದ್ಯೇನೋ, ನಾವ್ ನೋಡ್ಲೇ ಇಲ್ಲ," ಎಂದರು. ಕೇಡಿನ ಮಾತೇನಲ್ಲ. ಎಲ್ಲರೂ ನಕ್ಕರು, ಮಂಚಮ್ಮನವರೂ ನಕ್ಕರು. ಸಂಜೆ ನನ್ನ ಹೆಂಡತಿ ಬಂದು ಹೇಳಿದಾಗ ನಾನೂ ನಕ್ಕೆನೆಂಬುದನ್ನು ಇಲ್ಲಿ ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಮಂಚಮ್ಮನವರು ಚಹಾ ಕುಡಿದು, ಲೋಟ ತೊಳೆದಿಟ್ಟು, ಬಸ್ಸು ಹತ್ತಿದರು. ಆ ಮಂಗಳವಾರ ಅವರು ಬರಲಿಲ್ಲ. ಶುಕ್ರವಾರವೂ ಇಲ್ಲ, ಭಾನುವಾರವೂ ಇಲ್ಲ.

ಅಮ್ಮನವರಿಗೆ ಊಟ ಸೇರದಾಯಿತು. ಆರಾಧನೆಯಲ್ಲೇ ಬಹಿರಂಗವಾಗಿ ಕ್ಷಮೆ ಕೇಳೋಣವೆಂದು ಅಯ್ಯನವರು ಸಲಹೆ ಕೊಟ್ಟರು. ಕೂಟದಲ್ಲಿ ಇಪ್ಪತ್ತು ಜನ ಕೇಳಿದ್ದನ್ನು ಸಭೆಯ ನೂರು ಜನಕ್ಕೆ ಕೇಳಿಸಿದಂತಾಗುತ್ತದೆ ಎಂದು ಆಕೆ ಒಪ್ಪಲಿಲ್ಲ. ತಪ್ಪನ್ನು ಹತ್ತು ಜನರ ಮುಂದೆ ಅರಿಕೆ ಮಾಡಿ ಹಗುರಾಗುವ ದಾರಿಯೂ ಅವರಿಗೆ ಹೀಗೆ ಮುಚ್ಚಿಹೋಯಿತು. ಅವರು ಸ್ಲೇಟನ್ನು ಚೀಲದಲ್ಲಿಟ್ಟುಕೊಂಡು ಒಬ್ಬರೇ ಸೋಸಲೆಗೆ ಹೋದರು.

ಮಂಚಮ್ಮನವರು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಅಮ್ಮನವರು ತಪ್ಪಾಯಿತೆಂದು ಹೇಳಿ ಮುಗಿಸಿದರು.

"ದೇವ್ರಿಗೆ ಏಳುದ್ರಿ, ಅದು ತಪ್ಪಲ್ಲ ಬುಡಿ ಅಮ್ನೋರೆ," ಎಂದರು. "ಅವ್ನಿಗೆ ಮೊದ್ಲೇ ಗೊತ್ತಿತ್ತು. ಗೊತ್ತಿಲ್ದೆ ಇದ್ದೋರು ನಾಗರತ್ನಮ್ಮೋರು."

ಮಂಚಮ್ಮನವರು ಕಾಫಿ ಕೊಟ್ಟರು, ಸ್ಲೇಟನ್ನು ಇಸಿದುಕೊಂಡರು, ಬಸ್ ನಿಲ್ದಾಣದವರೆಗೂ ಬಂದು ಕಳುಹಿಸಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅಷ್ಟು ಮರ್ಯಾದೆಯಿಂದ ಕಳುಹಿಸಿಬಿಟ್ಟರಲ್ಲಾ ಎಂದು ಅಮ್ಮನವರು ನನ್ನ ಹೆಂಡತಿಯ ಬಳಿ ಅತ್ತರು. ಸ್ತ್ರೀಯರ ಭಾನುವಾರದಂದು ವೇದಪಾಠವನ್ನು ಬೇರೆಯವರು ಓದಿದರು.

ಏಳು ತಿಂಗಳ ತರುವಾಯ ನಂಜನಗೂಡಿನ ಸಭೆಯಲ್ಲಿ ಪ್ರಸಂಗ ಮಾಡಲು ನನಗೆ ಕರೆ ಬಂತು. ವೇದಪಾಠದ ವೇಳೆಗೆ ಎದ್ದು ಬಂದವರನ್ನು ಕಂಡು ನಾನು ಕುಳಿತಲ್ಲೇ ನೆಟ್ಟಗಾದೆ. ಮಂಚಮ್ಮನವರು! ಮಗಳು ಕವನಳ ಮನೆ ಆ ಊರಿನಲ್ಲಿದೆ, ಈಗ ಅಲ್ಲೇ ಇದ್ದಾರೆ, ಮೊಮ್ಮಗಳ ಜೊತೆ ಕುಳಿತು ಕಲಿಕೆಯನ್ನು ಮುಂದುವರಿಸಿದ್ದಾರೆ ಎಂದು ಆಮೇಲೆ ತಿಳಿಯಿತು. ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಒಂದು ಒತ್ತಕ್ಷರದಲ್ಲಿ ಎಡವಿದರು, ಹಿಂದಕ್ಕೆ ಹೋಗಿ ಸರಿಯಾಗಿ ಓದಿದರು. ಅಲ್ಲಿ ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ. ವಯಸ್ಸಾದವರು, ಕಣ್ಣು ಮಂಜು ಎಂದುಕೊಂಡಿರಬೇಕು.

ಆರಾಧನೆ ಮುಗಿದ ಮೇಲೆ ಹತ್ತಿರ ಹೋಗಿ ಕೈಮುಗಿದೆ. ಅವರೇ ಮಾತು ತೆಗೆದರು.

"ಅಮ್ನೋರು ಚೆನ್ನಾಗವ್ರಾ ಸಾ? ನಾನು ಓದ್ದೆ ಅಂತ ಏಳಿ." ಮತ್ತೆ ತಡೆದರು. "ಬ್ಯಾಡ ಬುಡಿ ಸಾ. ಸಂತೋಸಕ್ಕೆ ಪ್ರಾರ್ಥನೆ ಮಾಡ್ಬುಟ್ಟಾರು."

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಹಿಂದಿರುಗಿ ಅಮ್ಮನವರಿಗೆ ಎಲ್ಲವನ್ನೂ ಹೇಳಿದೆ, ಆ ಕೊನೆಯ ಮಾತನ್ನೂ. ಅದನ್ನು ಬಚ್ಚಿಡುವುದು ಸರಿಯೆನಿಸಲಿಲ್ಲ. ಅವರ ಮುಖ ಅರಳಿ, ಹಾಗೆಯೇ ಬಾಡಿತು.

"ನಿಜ ಹೇಳಿದ್ದಾರೆ," ಎಂದರು. "ಮಾಡಿಬಿಡುತ್ತಿದ್ದೆ."

ನಂಜನಗೂಡಿನ ಆ ಸಭೆ ಅಮ್ಮನವರು ಹುಟ್ಟಿ ಬೆಳೆದ ಸಭೆ. ಮರುತಿಂಗಳು ತವರಿಗೆ ಹೋದಾಗ ಭಾನುವಾರದ ಆರಾಧನೆಯ ಗಂಟೆ ಮೊಳಗಿತು. ಎರಡು ಬೀದಿಯಾಚೆ ಸಭೆಯಲ್ಲಿ ಮಂಚಮ್ಮನವರು ಪುಸ್ತಕ ತೆರೆದು ಕುಳಿತಿರುತ್ತಾರೆ. ತನ್ನ ಮುಖ ಕಂಡರೆ ಅವರ ನಾಲಿಗೆ ತಡವರಿಸುತ್ತದೆ ಎಂದು ಅಮ್ಮನವರಿಗೆ ಅನಿಸಿತು. ಅಮ್ಮನವರು ಸೀರೆ ಬದಲಿಸದೆ ಹಿತ್ತಿಲಿನಲ್ಲೇ ಕುಳಿತರು. ಅಯ್ಯನವರ ಹೆಂಡತಿಯೇ ಆರಾಧನೆ ತಪ್ಪಿಸಿದರೆ ಊರವರು ಏನೆಂದುಕೊಂಡಾರು ಎಂದು ತಾಯಿ ಗದರಿದರು. ತಲೆನೋವೆಂದು ಸುಳ್ಳು ಹೇಳಲು ಅಮ್ಮನವರಿಗೆ ಮನಸ್ಸಾಗಲಿಲ್ಲ, ನಿಜ ಹೇಳುವಂತೆಯೂ ಇರಲಿಲ್ಲ. ಬೈಗುಳ ಕೇಳುತ್ತಾ ತಲೆ ಎತ್ತದೆ ಅವರೆಕಾಯಿ ಸುಲಿದರು.