ಚಾಚಾ ಬರೆದ ಉದ್ದನೆಯ ವಿಮಾನ

ಚಾಚಾ ಯಾವುದನ್ನು ನೋಡಿದರೂ ಎಡಗಣ್ಣು ಮುಚ್ಚಿ ನೋಡುತ್ತಿದ್ದರು. ಬಾಗಿಲ ಚೌಕಟ್ಟು, ಹೊಸದಾಗಿ ಎದ್ದ ಗೋಡೆ, ಕುಡಚಿ ಸ್ಟೇಷನ್ನಿನಲ್ಲಿ ನಿಂತ ರೈಲಿನ ಡಬ್ಬಿ, ಎಲ್ಲದರ ಅಂಚಿಗೂ ಮುಖ ತಂದು, ಬಲಗಣ್ಣೊಂದರಿಂದಲೇ ಆ ತುದಿಯವರೆಗೆ ದಿಟ್ಟಿಸುವರು. ಸೊಟ್ಟ ಕಂಡರೆ ಏನೂ ಅನ್ನುತ್ತಿರಲಿಲ್ಲ. ಅಂಗೈಯಿಂದ ಅಲ್ಲೊಮ್ಮೆ ಸವರಿ ಮುಂದೆ ನಡೆಯುವರು. ವರ್ಷಗಟ್ಟಲೆ ನಕ್ಷೆಯ ಮೇಜಿನ ಮುಂದೆ ಕೂತು ಬಂದ ರೂಢಿ ಅದು.

ಕುಡಚಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಚಾಚಾ ಬೆಂಗಳೂರಿನಲ್ಲಿ ವಿಮಾನಗಳ ವಿನ್ಯಾಸ ಮಾಡುವ ಕಚೇರಿಯೊಂದರಲ್ಲಿ ಇಂಜಿನಿಯರಾಗಿದ್ದು, ನಿವೃತ್ತರಾಗಿ ಊರಿಗೆ ಮರಳಿದ್ದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅವರ ಮನೆಯಲ್ಲಿ ಗಂಡ ಹೆಂಡತಿ ಆಡುವುದು ಉರ್ದು, ನಾನು ಒಳಗೆ ಕಾಲಿಟ್ಟರೆ ಇಬ್ಬರೂ ಕನ್ನಡಕ್ಕೆ ಹೊರಳುವರು. ಊರವರ ಬಾಯಲ್ಲಿ ಚಾಚಾ 'ವಿಮಾನ ಕಟ್ಟಿದವರು'. ಹಾಗಂತ ಮನೆಮನೆಗೆ ಹೇಳಿಕೊಂಡು ಬಂದವರು ಅವರ ಹೆಂಡತಿ, ನಮ್ಮ ಚಾಚಿ.

ಒಮ್ಮೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅವರನ್ನು ಕರೆದಿದ್ದರು. "ನಮ್ಮೂರಾವ್ರು ಕಟ್ಟಿದ ವಿಮಾನ ಇವತ್ತ ಆಕಾಶದಾಗ ಹಾರಾಡಾಕತ್ತಾವ" ಎಂದು ಮುಖ್ಯೋಪಾಧ್ಯಾಯರು ಪರಿಚಯ ಮಾಡಿಕೊಟ್ಟರು. ಚಾಚಾ ಎದ್ದು ಮೈಕಿನ ಮುಂದೆ ಬಂದರು.

"ಸರ್ ಪ್ರೀತಿಯಿಂದ ಹೇಳ್ಯಾರ. ಖರೇ ಮಾತು ಬ್ಯಾರೆ ಐತಿ. ನಮ್ಮ ಆಫೀಸಿನಾಗ ಒಂದು ಸಣ್ಣ ವಿಮಾನ ತಯಾರಾತು, ಅದು ಹಾರಿತು. ಅದರಾಗ ನನ್ನ ಕೆಲಸ ಇದ್ದಿಲ್ಲ. ಅದನ್ನ ಉದ್ದ ಮಾಡಿ, ಇನ್ನೂ ಹೆಚ್ಚು ಮಂದಿ ಕೂಡೂ ಹಂಗ ಮತ್ತೊಂದು ಮಾಡೂದಿತ್ತು. ನಾ ಇದ್ದದ್ದು ಅದಕ್ಕ. ಅದನ್ನ ಕಟ್ಟಲೇ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹೆಂಗಸರ ಕಡೆ ಕೂತಿದ್ದ ಚಾಚಿ ಸೆರಗು ಎಳೆದುಕೊಂಡು ಎದ್ದುಹೋದರು. ಮುಂದೆ ಹಲವು ದಿನ ಆ ಮನೆಯಿಂದ ಉರ್ದುವೂ ಕೇಳಲಿಲ್ಲ, ಕನ್ನಡವೂ ಕೇಳಲಿಲ್ಲ.

ಅವ್ವ ಹೋಳಿಗೆ ಕೊಟ್ಟು ಕಳಿಸಿದ ದಿನ ನಾನು ಹೋದಾಗ ಇಬ್ಬರೂ ಅಡುಗೆಮನೆಯಲ್ಲಿದ್ದರು. ಚಾಚಿ ಕಬ್ಬು ತುಂಡು ಮಾಡುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ಮತ್ತ ಅಷ್ಟು ವರ್ಷ ನೀವು ಅಲ್ಲಿ ಏನ್ ಮಾಡಿದ್ರಿ?"

ಚಾಚಾ ಉದ್ದನೆಯ ಕಬ್ಬಿನ ತುಂಡೊಂದನ್ನು ಬೋರಲು ಹಾಕಿದ ಬಟ್ಟಲ ಮೇಲೆ ಇಟ್ಟರು. "ಇದು ವಿಮಾನ. ಮ್ಯಾಲೆ ಏರೂ ಹೊತ್ತಿನಾಗ ಮೂತಿ ಎತ್ತತೈತಿ. ಉದ್ದ ಇದ್ರ ನೋಡು, ಬಾಲ ನೆಲಕ್ಕ ಬಡೀತೈತಿ. ಅದಕ್ಕ ಗಾಲಿ ಇರೂ ಕಾಲು ಎತ್ತರ ಮಾಡಬೇಕು. ಕಾಲು ಎತ್ತರ ಮಾಡಿದ್ರ ಮಡಚಿ ಇಡಾಕ ಹೊಟ್ಟ್ಯಾಗ ಜಾಗಾ ಸಾಲಂಗಿಲ್ಲ. ಒಂದು ಬದಲ ಮಾಡಾಕ ಹೋದ್ರ ಎಲ್ಲಾ ಬದಲ. ಬಾಲದ ಭಾಗ ನಂದು."

"ಮತ್ತ ಯಾಕ ಬಿಟ್ರು?"

"ಕೊಳ್ಳಾವ್ರು ಸಿಗಲಿಲ್ಲ."

"ಬಿಟ್ಟ ದಿನ ನನಗ ಯಾಕ ಹೇಳ್ಲಿಲ್ರಿ?"

"ಹೇಳಬೇಕಂತನ ಮನೀಗೆ ಬಂದೆ. ನೀ ಬಾಗಲದಾಗ ನಿಂತು, ಮೊದಲ ದಿನ ಇವರ ವಿಮಾನದಾಗ ನಾನೂ ಕೂಡಾಕಿ ಅಂತ ಬಾಜೂ ಮನಿಯಾಕಿಗೆ ಹೇಳಾಕತ್ತಿದ್ದಿ. ನಿನ್ನ ಮುಖಾ ನೋಡಿ ನನಗ ಮಾತು ಬರಲಿಲ್ಲ."

ಚಾಚಿಯ ಕೈ ನಿಂತಿತು. ಅವರು ಬಟ್ಟಲನ್ನು ತಮ್ಮ ಕಡೆ ಸರಿಸಿಕೊಂಡು, "ಬಾಲ ಬಡಿಯೂದು ಇನ್ನೊಮ್ಮೆ ತೋರಸ್ರಿ" ಎಂದರು. ಬಾಗಿಲಲ್ಲಿ ನಿಂತ ನಾನು ಹೋಳಿಗೆ ಕೊಡುವುದನ್ನೂ ಮರೆತು ನೋಡುತ್ತಿದ್ದೆ. ಇಂಜಿನಿಯರಿಂಗ್ ಓದಬೇಕೆಂಬ ಆಸೆ ಹುಟ್ಟಿದ್ದು ಅಲ್ಲೇ ಇರಬೇಕು.

ಮುಂದೆ ನಾನು ಓದು ಮುಗಿಸಿ ಚಿಕ್ಕೋಡಿಯ ಸರ್ಕಾರಿ ಕಚೇರಿಯೊಂದಕ್ಕೆ ಇಂಜಿನಿಯರಾಗಿ ಸೇರಿದೆ. ರಾಯಬಾಗದ ಹತ್ತಿರದ ಒಂದು ಹಳ್ಳಕ್ಕೆ ಕಾಲುಸೇತುವೆಯ ನಕ್ಷೆ ಮಾಡುವುದು ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ತೋಟದ ಮನೆಗಳ ಮಕ್ಕಳಿಗೆ ಶಾಲೆ ತಪ್ಪುತ್ತಿತ್ತು. ನಕ್ಷೆ ಅರ್ಧಕ್ಕೆ ಬಂದಾಗ ಮೇಲಿನವರು ಯೋಜನೆಯನ್ನೇ ಕೈಬಿಟ್ಟರು. ಆ ಮಕ್ಕಳ ಮನೆಗಳಿಗೆ ಹೋಗಿ ಸೇತುವೆ ಆಗುತ್ತದೆ ಎಂದು ನಾನೇ ಹೇಳಿ ಬಂದಿದ್ದೆ. ಕೆಲಸವೇ ಬೇಡವೆನಿಸಿ ಊರಿಗೆ ಬಂದು ಚಾಚಾರ ಮುಂದೆ ಕೂತೆ.

ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ನಕ್ಷೆ ಮುಗದೈತೇನು ಬೇಟಿ?"

"ಇನ್ನ ಯಾಕ ಬೇಕ್ರಿ ಅದು?"

"ನಿಲ್ಲಸ್ರಿ ಅಂತ ಆರ್ಡರ್ ಬಂದ ಮ್ಯಾಲೂ ನಾವು ಬಾಲದ ಕೆಲಸ ಪೂರಾ ಮಾಡೇ ಎದ್ವಿ. ಅರ್ಧಾ ಬಿಟ್ಟದ್ದನ್ನ ಯಾರೂ ಕೈಗೆ ತಗೊಳಂಗಿಲ್ಲ. ಪೂರಾ ಇದ್ರ ಯಾರರೆ ಒಬ್ರು ಒಂದಿನ ತಗದು ನೋಡ್ಯಾರು."

"ನಿಮ್ಮದನ್ನ ಯಾರರೆ ನೋಡಿದ್ರೇನ್ರಿ?"

"ಇಲ್ಲ" ಎಂದರು ಚಾಚಾ. ದನಿಯಲ್ಲಿ ನೋವಿರಲಿಲ್ಲ. ಒಳಗೆ ತಿರುಗಿ, ನನಗೆ ಚಹಾ ಇಡಲು ಚಾಚಿಗೆ ಹೇಳಿದರು.

ನಾನು ಭಾನುವಾರಗಳಲ್ಲಿ ಕೂತು ಆ ನಕ್ಷೆ ಮುಗಿಸಿದೆ.

ಈ ವರ್ಷ ರಂಜಾನಿಗೆ ಮುಂಚೆ ಚಾಚಾ ತೀರಿಕೊಂಡರು. ಸುದ್ದಿ ತಿಳಿದು ನಾನು ಚಿಕ್ಕೋಡಿಯಿಂದ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಚಾಚಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಿನ್ನ ಪೂಲ್, ಆ ಹಳ್ಳದ ಸೇತುವಿ, ಏನಾತು ಬೇಟಿ? ಮಲಗಿದಲ್ಲಿಂದನ ಕೇಳತಿದ್ರು" ಎಂದರು.

ನಕ್ಷೆ ಮುಗಿಸಿಟ್ಟಿದ್ದೇನೆ ಎಂದಷ್ಟೇ ಆಗ ಹೇಳಿದೆ. ಈಗ ಇಷ್ಟು ಹೇಳಬಹುದು. ಹೋದ ತಿಂಗಳು ಹೊಸ ಮೇಲಧಿಕಾರಿ ಹಳ್ಳದ ಸೇತುವೆಯ ಬಗ್ಗೆ ವಿಚಾರಿಸಿದರು, ನಾನು ಅಂದೇ ನಕ್ಷೆ ಕೊಟ್ಟೆ. ಮಂಜೂರಾತಿ ಇನ್ನೂ ಬಂದಿಲ್ಲ, ಬರದೆಯೂ ಇರಬಹುದು. ಆದರೆ ಯಾರಾದರೂ ಕಟ್ಟುತ್ತೇವೆಂದು ಬಂದರೆ ಮೊದಲ ದಿನವೇ ಪಾಯ ತೋಡಬಹುದು. ಅಷ್ಟು ಪೂರ್ತಿಯಾಗಿದೆ ಅದು. ಪೂರ್ತಿ ಮಾಡಿಸಿದವರು ಚಾಚಾ.