ಕಿರುಬೆರಳಿನ ಉಗುರು

ಮೇಸ್ತ್ರಿಯ ಬಲಗೈ ಕಿರುಬೆರಳಿನ ಉಗುರೊಂದು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಅವುಗಳ ಅಂಚಿನಲ್ಲಿ ಗ್ರೀಸು ಕಪ್ಪಗೆ ಕೂತಿರುತ್ತಿತ್ತು. ಆ ಒಂದು ಉಗುರನ್ನು ಮಾತ್ರ ಪೆಟ್ರೋಲಿನಲ್ಲಿ ಅದ್ದಿ, ಬನಿಯನ್ ಬಟ್ಟೆಯಲ್ಲಿ ಒರೆಸಿ, ಮದುವೆ ಹೆಣ್ಣಿನ ಉಗುರಿನ ಹಾಗೆ ಇಟ್ಟುಕೊಂಡಿದ್ದರು. ಇಂಜಿನ್ ಬಿಚ್ಚಿದ ಮೇಲೆ ಸಿಲಿಂಡರಿನ ಒಳಗೋಡೆಯ ಮೇಲೆ ಅದನ್ನು ಮೆಲ್ಲಗೆ ಎಳೆದು, ಕಣ್ಣು ಮುಚ್ಚಿ, ಎಲ್ಲಿ ಎಷ್ಟು ಸವೆದಿದೆ ಎಂದು ಹೇಳುವರು. ಅವರು ಹೇಳಿದ್ದು ತಪ್ಪಾದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ತಪ್ಪು ಎಂದು ನಾಲ್ಕು ಜನರೆದುರು ಸಾರಿದವನು ಮಾತ್ರ ನಾನೇ.

ಹೂಡಿಯ ಹಳೇ ಊರಿನ ಗಲ್ಲಿಯಲ್ಲಿ, ಎರಡು ಪೀಜಿ ಕಟ್ಟಡಗಳ ನಡುವೆ ಅವರ ಶೆಡ್ಡು. ಮೊದಲು ಅಲ್ಲಿ ಅವರಪ್ಪ ದನ ಕಟ್ಟುತ್ತಿದ್ದರಂತೆ. ಮೇವು ಹಾಕುವ ಕಲ್ಲಿನ ಗೋದಲಿ ಇನ್ನೂ ಹಾಗೇ ಇತ್ತು. ಅದರೊಳಗೆ ಡೀಸೆಲ್ ಸುರಿದು ಬಿಡಿಭಾಗ ತೊಳೆಯುತ್ತಿದ್ದರು.

ನಾನು ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕುವುದೇ ನನ್ನ ಉದ್ಯೋಗ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನಿಗೆ ತನ್ನಲ್ಲೂ ಹುಳುಕಿರಬಹುದು ಅನ್ನುವುದು ಮರೆತೇ ಹೋಗಿರುತ್ತದೆ. ಅಪ್ಪ ಜೀವಮಾನವೆಲ್ಲ ಸಾಹೇಬರ ಕಾರು ಓಡಿಸಿ, ನಿವೃತ್ತಿಯಾದ ಮೇಲೆ ತನಗೆಂದು ಕೊಂಡ ಒಂದೇ ಒಂದು ಪುಟ್ಟ ಕಾರು ನನ್ನ ಪಾಲಿಗೆ ಬಂದಿತ್ತು. ಅದು ಎಣ್ಣೆ ಕುಡಿದು ನೀಲಿ ಹೊಗೆ ಬಿಡುತ್ತಿತ್ತು. ಅದರ ಇಂಜಿನ್ ಬ್ಲಾಕೇ ಬಿರುಕು ಬಿಟ್ಟಿದೆ, ಗುಜರಿಯಿಂದ ಅದೇ ಜಾತಿಯ ಇನ್ನೊಂದು ತಂದು, ಬಿಚ್ಚಿ ಸರಿಮಾಡಿ ಕೂರಿಸಬೇಕು ಎಂದರು ಮೇಸ್ತ್ರಿ. ನನ್ನ ಕೈಯಾರೆ ಮಾಡುತ್ತೇನೆ, ಕಲಿಸಿ ಎಂದು ನಾನು ಗಂಟುಬಿದ್ದೆ.

ಮೂರು ಭಾನುವಾರ ನನಗೆ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ. "ಬಿಚ್ಚೋದು ಕೈ ಕೆಲ್ಸ ಸಾರ್, ಕೂಡ್ಸೋದು ತಲೆ ಕೆಲ್ಸ. ಮೊದ್ಲು ಬರ್ಕಳಿ," ಎಂದು ನೋಟ್ ಪುಸ್ತಕ ಹಿಡಿಸಿದರು. ಬಾನೆಟ್ಟಿನೊಳಗಿನ ಜಾಗ, ಇಂಜಿನ್ ಕೂರುವ ರಬ್ಬರುಗಳು, ಯಾವ ವೈರು ಎಲ್ಲಿಂದ ಎಲ್ಲಿಗೆ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರು ಬರೆಸುವುದು, ಎಲ್ಲವೂ ಪುಸ್ತಕಕ್ಕೆ ಬಂತು. ಆಮೇಲೆ ಟೀವಿ ಪೆಟ್ಟಿಗೆಯ ರಟ್ಟಿನ ಮೇಲೆ ಇಂಜಿನ್ನಿನ ಚಿತ್ರ ಬರೆದರು. ಬಿಚ್ಚಿದ ಬೋಲ್ಟು ಇಂಜಿನ್ನಿನಲ್ಲಿ ಎಲ್ಲಿತ್ತೋ ರಟ್ಟಿನಲ್ಲೂ ಅಲ್ಲೇ ತೂತು ಮಾಡಿ ಸಿಕ್ಕಿಸಬೇಕು. "ಒಂದು ಬೋಲ್ಟು ಜೋಬಿಗೆ ಓಯ್ತು ಅಂದ್ರೆ ಮರ್ಯಾದೆನೂ ಅದರ ಜೊತೇಲೇ ಓಯ್ತು" ಅನ್ನುವರು. ಆ ಭಾನುವಾರಗಳಷ್ಟು ಸುಖವಾಗಿ ನಾನು ಎಲ್ಲೂ ಕಲಿತಿಲ್ಲ. ಅದನ್ನು ಹೇಳಿಕೊಳ್ಳಲೂ ಈಗ ನನಗೆ ಯೋಗ್ಯತೆಯಿಲ್ಲ, ಇರಲಿ.

ನಾಲ್ಕನೇ ಭಾನುವಾರ ಗುಜರಿಯ ಇಂಜಿನ್ ಬಿಚ್ಚಿದೆವು. ಮೇಸ್ತ್ರಿ ನಾಲ್ಕು ಸಿಲಿಂಡರಿನೊಳಗೂ ಉಗುರು ಎಳೆದು, "ಒಳ್ಳೇ ಮಾಲು ಸಾರ್. ಬೋರ್ ಮುಟ್ಟೋದು ಬ್ಯಾಡ. ರಿಂಗು, ಬೇರಿಂಗು ಆಕಿ ಕೂರ್ಸಣ" ಎಂದರು. ನನ್ನ ಚೀಲದಲ್ಲಿ ಕಾರ್ಖಾನೆಯ ಬೋರ್ ಗೇಜ್ ಇತ್ತು, ಒಳ ಅಳತೆಯನ್ನು ಮೈಕ್ರಾನ್ ಲೆಕ್ಕದಲ್ಲಿ ತೋರಿಸುವ ಉಪಕರಣ. ಗೇಟ್ ಪಾಸ್ ಇಲ್ಲದೆ, ಊಟದ ಡಬ್ಬಿಯ ಕೆಳಗಿಟ್ಟು ತಂದಿದ್ದೆ. ಅಳೆಯುವ ಮುಂಚೆ ಅದನ್ನು ಅಳತೆ ಗೊತ್ತಿರುವ ಉಕ್ಕಿನ ಬಳೆಯೊಂದರಲ್ಲಿಟ್ಟು ಮುಳ್ಳನ್ನು ಸೊನ್ನೆಗೆ ತರಬೇಕು. ಆ ಬಳೆಯನ್ನೂ ತಂದಿದ್ದೆ. ಅಳೆದೆ. ನಾಲ್ಕೂ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿದ್ದವು.

"ಮಿತಿ ಮೀರಿ ಸವೆದಿದೆ ಮೇಸ್ತ್ರಿ. ಒಳಗೋಡೆ ಕೊರೆಸಿ ಬೋರ್ ಮಾಡಿಸ್ಲೇಬೇಕು," ಎಂದೆ.

"ನಾಲ್ಕೂ ಒಂದೇ ಸಮ ತೋರಿಸ್ತದಾ ಸಾರ್?"

"ನಾಲ್ಕೂ."

"ನಾಲ್ಕು ಮಕ್ಳು ಯಾವತ್ತಾದ್ರೂ ಒಂದೇ ಸಮ ಉಂಡಿದ್ದು ನೋಡಿದ್ದೀರಾ? ಸವೆದಿದ್ರೆ ಒಂದೊಂದು ಒಂದೊಂದು ತರ ಸವೀತದೆ. ನಿಮ್ ಗೇಜ್ನ ಒಂದ್ಸಲ ನೋಡ್ಕಳಿ."

ಮೆಲ್ಲಗೇ ಹೇಳಿದರು. ಆದರೆ ಅಲ್ಲಿ ಕ್ಯಾಬ್ ಮಾಲೀಕನೊಬ್ಬ ನಿಂತಿದ್ದ. ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳಿಗೆ ಅವನ ಹತ್ತಾರು ಕ್ಯಾಬ್ ಓಡುತ್ತಿದ್ದವು, ಅಷ್ಟರ ಇಂಜಿನ್ ಕೆಲಸವೂ ಮೇಸ್ತ್ರಿಯದೇ, ಅವರ ಮನೆ ನಡೆಯುತ್ತಿದ್ದದ್ದೇ ಅದರಿಂದ. ಅವನು ಮುಸಿಮುಸಿ ನಕ್ಕ. ನನಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು. ಇನ್‌ಸ್ಪೆಕ್ಟರಿಗೇ ಇನ್‌ಸ್ಪೆಕ್ಷನ್ನೇ?

"ಇದು ಮೈಕ್ರಾನ್ ತೋರ್ಸೋ ಗೇಜು, ನಿಮ್ಮ ಉಗುರಲ್ಲ. ಆ ಉಗುರು ನಂಬ್ಕೊಂಡು ಇಷ್ಟು ವರ್ಷ ಎಷ್ಟು ಜನರ ಇಂಜಿನ್ ಹಾಳಾಗಿದ್ಯೋ ಯಾರಿಗ್ ಗೊತ್ತು," ಎಂದುಬಿಟ್ಟೆ.

ಮೇಸ್ತ್ರಿ ಬಟ್ಟೆ ತೆಗೆದುಕೊಂಡು ಉಗುರು ಒರೆಸಿಕೊಂಡರು. ಕ್ಯಾಬ್ ಮಾಲೀಕನ ನಗು ನಿಂತಿತು. ಅವನು ಶೆಡ್ಡಿನಲ್ಲಿ ಬಿಚ್ಚಿಟ್ಟಿದ್ದ ತನ್ನ ಇಂಜಿನ್ ಕಡೆ ನೋಡಿದ. ತಿಂಗಳೊಳಗೆ ಅವನ ಕ್ಯಾಬುಗಳೆಲ್ಲ ಕಂಪ್ಯೂಟರ್ ಹಚ್ಚಿ ನೋಡುವ ದೊಡ್ಡ ಗ್ಯಾರೇಜಿಗೆ ಹೋದವು. ಅವನನ್ನು ನೋಡಿ ಉಳಿದವರೂ ಹೋದರು.

ನಾನು ಬ್ಲಾಕನ್ನು ಪೀಣ್ಯದ ಲೇತ್ ಶಾಪಿಗೆ ಹೊತ್ತೊಯ್ದು ಬೋರ್ ಮಾಡಲು ಕೊಟ್ಟು ಬಂದೆ. ವಾಪಸು ತರಲು ಹೋದಾಗ ಅಲ್ಲಿಯ ಟರ್ನರ್ ಕೇಳಿದ: "ಸಾರ್, ಇದು ಅಳತೆಗೆ ಸರ್ಯಾಗೇ ಇತ್ತಲ್ಲ. ಯಾಕ್ ಬೋರ್ ಮಾಡ್ಸಿದ್ರಿ? ನೀವ್ ಬರ್ಕೊಟ್ಟಿದ್ರಿ ಅಂತ ಮಾಡ್ಬಿಟ್ಟೆ." ಮರುದಿನ ಕಾರ್ಖಾನೆಯಲ್ಲಿ ಬಳೆಗಳ ಪೆಟ್ಟಿಗೆ ತೆಗೆದು ನೋಡಿದೆ. ಅವಸರದಲ್ಲಿ ಪಕ್ಕದ ಗುಂಡಿಯ ಬಳೆ ಎತ್ತಿಕೊಂಡು ಹೋಗಿದ್ದೆ. ಕೂದಲೆಳೆಯಷ್ಟು ಚಿಕ್ಕದು. ಅದರಲ್ಲಿ ಸೊನ್ನೆ ಮಾಡಿದ ಗೇಜು ಎಲ್ಲವನ್ನೂ ಕೂದಲೆಳೆಯಷ್ಟು ದೊಡ್ಡದೆಂದೇ ತೋರಿಸುತ್ತದೆ, ನಾಲ್ಕನ್ನೂ ಒಂದೇ ಸಮ. ಬಳೆಯ ಮೇಲೆ ಅಳತೆ ಕೊರೆದಿರುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲ ದಿನ ಹೇಳಿಕೊಡುವುದೇ ಅದನ್ನು ಓದು ಎಂದು.

ಇಬ್ಬರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿಗೆ ಒಂದು, ಕ್ಯಾಬ್ ಮಾಲೀಕನಿಗೆ ಒಂದು. ಗೇಜು ಕದ್ದು ತಂದಿದ್ದು ಕಾರ್ಖಾನೆಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೂಡಿಯ ಗಲ್ಲಿಯ ಮಾತು ಕಾರ್ಖಾನೆಗೆ ಯಾರು ಮುಟ್ಟಿಸುತ್ತಿದ್ದರು? ನನಗೆ ನಾಚಿಕೆ, ಅಷ್ಟೇ.

ಬೇರೆ ಮೆಕ್ಯಾನಿಕ್ಕುಗಳ ಹತ್ತಿರ ಹೋದೆ. ಇನ್ನೊಬ್ಬರು ಬಿಚ್ಚಿದ್ದನ್ನು ನಾವು ಕೂಡಿಸುವುದಿಲ್ಲ ಎಂದರು ಎಲ್ಲರೂ. ಅದು ಆ ಕಸುಬಿನ ರೂಢಿ. ಮೋರೆ ಹೊತ್ತುಕೊಂಡು ಮತ್ತೆ ಹೂಡಿಗೇ ಹೋದೆ. ರಟ್ಟು ಗೋಡೆಯ ಮೊಳೆಗೆ ತೂಗುತ್ತಿತ್ತು, ಒಂದು ಬೋಲ್ಟೂ ಆಚೀಚೆಯಾಗಿರಲಿಲ್ಲ. ಧೂಳು ಕೂರದಂತೆ ಮೇಲೊಂದು ಹಳೇ ಪಂಚೆ ಹೊದಿಸಿದ್ದರು.

ಮೇಸ್ತ್ರಿ ಹೊಸ ಬೋರಿನೊಳಗೆ ಉಗುರು ಎಳೆದರು.

"ಪೀಣ್ಯದೋರು ಏನಂದ್ರು ಸಾರ್?"

ತಪ್ಪು ಒಪ್ಪಿಕೊಳ್ಳಲು ನನಗಾಗಿ ಬಾಗಿಲು ತೆರೆದು ಹಿಡಿದಿದ್ದರು. ಅದು ಆಗಲೇ ಗೊತ್ತಾಯಿತು ನನಗೆ.

"ಏನೂ ಅನ್ಲಿಲ್ಲ," ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಸರಿ ಬುಡಿ. ಚೆನ್ನಾಗೇ ಮಾಡವ್ರೆ," ಎಂದು ಕೆಲಸಕ್ಕೆ ಕೂತರು. ಎರಡು ಭಾನುವಾರ ಒಂದೊಂದೇ ಬೋಲ್ಟು ರಟ್ಟಿನಿಂದ ತೆಗೆದು ನನ್ನ ಕೈಗೆ ಕೊಟ್ಟರು, ನನ್ನಿಂದಲೇ ಬಿಗಿಸಿದರು. ಇಂಜಿನ್ ಕಾರಿನಲ್ಲಿ ಕೂತು ಸ್ಟಾರ್ಟ್ ಆದ ದಿನ, "ಮೊದ್ಲು ಸಾವಿರ ಕಿಲೋಮೀಟ್ರು ಮೆಲ್ಲಗೆ ಓಡ್ಸಿ. ಆರ್‌ಸಿ ಮರೀಬ್ಯಾಡಿ" ಎಂದು ಕಳಿಸಿಕೊಟ್ಟರು. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಆರು ತಿಂಗಳ ಮೇಲೆ ಆ ಕಡೆ ಹೋದಾಗ ಶೆಡ್ಡಿನ ಮುಂದೆ ಎರಡು ಸ್ಕೂಟರ್ ನಿಂತಿದ್ದವು. ಮೇಸ್ತ್ರಿ ಪಂಚರ್ ಹಾಕುತ್ತಿದ್ದರು. ಕಿರುಬೆರಳಿನ ಉಗುರು ಉಳಿದವುಗಳ ಸಮಕ್ಕೆ ಬಂದಿತ್ತು.

"ಉಗುರೆಲ್ಲಿ ಮೇಸ್ತ್ರಿ?"

"ಟ್ಯೂಬ್ ಕೆಲ್ಸಕ್ಕೆ ಯಾಕ್ ಸಾರ್ ಅದು, ಅಡ್ಡ ಬತ್ತದೆ," ಎಂದರು. ಆಗಲೂ ಹೇಳಬಹುದಿತ್ತು. ಅವರೇ ತರಿಸಿದ ಟೀ ಕುಡಿದು ಎದ್ದು ಬಂದೆ.

ಹೋದ ವರ್ಷ ಎದೆನೋವು ಎಂದು ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ಅಪ್ಪನ ಕಾರಿನಲ್ಲೇ ಹೋದೆ. ಶೆಡ್ಡಿನ ಮುಂದೆಯೇ ಮಲಗಿಸಿದ್ದರು. ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು ಯಾರೋ ಚೆನ್ನಾಗಿ ತೊಳೆದಿದ್ದರು, ಗ್ರೀಸಿನ ಕಪ್ಪು ಮಾತ್ರ ಹೋಗಿರಲಿಲ್ಲ. ಕ್ಯಾಬ್ ಮಾಲೀಕ ಹಾರ ಹಾಕಿ ಬಂದು ನನ್ನ ಪಕ್ಕ ನಿಂತ.

"ಒಳ್ಳೇ ಮನುಷ್ಯ ಸಾರ್. ಕೊನೆಕೊನೆಗೆ ಕೈ ಅಂದಾಜು ತಪ್ಪೋಯ್ತು, ಅಷ್ಟೇ. ಪುಣ್ಯಕ್ಕೆ ನೀವು ತೋರಿಸ್ಕೊಟ್ರಿ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಆದರೂ ಹೇಳಿದೆ. ಬಳೆಯ ವಿಷಯ, ಪೀಣ್ಯದ ವಿಷಯ, ಎಲ್ಲ ಹೇಳಿದೆ. ಅವನು ತಿರುಗಿ ಮೇಸ್ತ್ರಿಯ ಕೈಗಳ ಕಡೆ ನೋಡಿದ.

"ಇದು ಮೇಸ್ತ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನಂಗ್ಯಾಕೆ ಒಂದ್ ಮಾತು ಹೇಳ್ಲಿಲ್ಲ ಅವ್ರು?"

ನಾನೇ ಹೇಳಲಿ ಎಂದು ಕಾದಿದ್ದರು. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ನನ್ನಿಂದ ಎರಡು ಹೆಜ್ಜೆ ಆಚೆ ಸರಿದು ನಿಂತ.

ಎಲ್ಲ ಮುಗಿದ ಮೇಲೆ ಬಂದು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಸೆಲ್ಫ್ ಸ್ಟಾರ್ಟರ್ ಅರ್ಧ ತಿರುಗುವಷ್ಟರಲ್ಲೇ ಇಂಜಿನ್ ಸ್ಟಾರ್ಟ್ ಆಯಿತು, ಒಂದು ಚೂರೂ ಹೊಗೆಯಿಲ್ಲ.