ಬೇವಿನ ಗಿಡದೊಡನೆ ಮಾತಾಡಿದ ಓಣಿ

ನನ್ನ ಸ್ವಂತ ಕಾಕಾನನ್ನು ಚರ್ಚಿನಿಂದ ಹೊರಗೆ ಹಾಕಿದ ಚೀಟಿ ಬರೆದವನು ನಾನೇ. ಅಕ್ಷರ ದುಂಡಗಿವೆ ಎಂದು ಕಮಿಟಿಯವರು ಪೆನ್ನು ನನ್ನ ಕೈಗೇ ಕೊಟ್ಟರು. (ಸಾಲಿ ಮಾಸ್ತರನ ಹಣೆಬರಹ, ನಿಮಗೆ ಗೊತ್ತೇ ಇದೆ.)

ತಪ್ಪು ಕಾಕಾನದೇ. ಬನಹಟ್ಟಿಯ ನಮ್ಮ ನೇಕಾರ ಓಣಿಯಲ್ಲಿ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಯ ನೂಲನ್ನು, ಬೀದಿಯುದ್ದಕ್ಕೂ ಎಳೆದು, ಗಂಜಿ ಹಚ್ಚಿ ಒಣಗಿಸಬೇಕು; ಒಂದು ಸಲಕ್ಕೆ ಒಂದೇ ಮನೆಯದು. ಇವತ್ತು ಸರದಿ ಯಾರದು ಎಂಬ ಜಗಳದಲ್ಲಿ ಸಮುವೇಲ ಕಾಕಾ ಪಕ್ಕದ ಮನೆಯ ಪೌಲಪ್ಪನ ಕೆನ್ನೆಗೆ ಬಾರಿಸಿದ. ಕ್ಷಮೆ ಕೇಳು ಎಂದರೆ, "ಸತ್ತರೂ ಕೇಳೂದಿಲ್ಲ" ಎಂದ. ಆಯಿತು, ಹೊರಗೆ! ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವಿಲ್ಲ, ಚರ್ಚಿನ ಸಭೆಯವರು ಯಾರೂ ಅವನೊಡನೆ ಮಾತಾಡುವಂತಿಲ್ಲ.

(ಬಹಿಷ್ಕಾರ ಹಾಕಬಾರದೆಂದು ಈಗ ನಮ್ಮನ್ನಾಳುವ ಮುಂಬೈ ಸರಕಾರ ೧೯೪೯ರಲ್ಲೇ ಕಾಯ್ದೆ ಮಾಡಿದೆಯಂತೆ. ನಮ್ಮ ಓಣಿಗೆ ಬರುವ ಬಸ್ಸು ಅದಕ್ಕಿನ್ನೂ ಸಿಕ್ಕಿಲ್ಲ.)

"ಹೊರಗ ಹಾಕೂದು ಅಂವಾ ತಿರುಗಿ ಒಳಗ ಬರ್ಲಿ ಅಂತರೀ, ಮಾಸ್ತರ" ಎಂದರು ಪಾದ್ರಿಗಳು. ಒಳ್ಳೆಯ ಮಾತೇ. ಆದರೆ ಯಾರೂ ಮಾತೇ ಆಡಿಸದಿದ್ದರೆ ಮನುಷ್ಯ ತಿರುಗುವುದು ಹೇಗೆ?

ಮೊನ್ನೆ ಮುಂಜಾನೆ ಕಾಕಾ, ಅವನ ಹೆಂಡತಿ ಕಾಕು ಇಬ್ಬರೇ ಹಾಸು ಎಳೆದರು. ಗಂಜಿ ಹಚ್ಚಿದ್ದೇ ತಡ, ಗಾಳಿ ಎದ್ದಿತು. ಇಬ್ಬರಿಂದ ಆಗುವ ಕೆಲಸವೇ ಅದು? ಎಳೆಗಳು ಒಂದಕ್ಕೊಂದು ಅಂಟಿದರೆ ಅಷ್ಟೂ ನೂಲು ಮಣ್ಣುಪಾಲು. ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ನಾನೂ ನಿಂತಿದ್ದೆ. ಚೀಟಿ ಬರೆದವನೇ ಚೀಟಿ ಮುರಿಯುವುದೇ? ಥೂ, ನಾಚಿಕೆಯಾಯಿತು.

ಆಗ ಪೌಲಪ್ಪ ಓಡಿಬಂದು ಹಾಸಿನ ಇನ್ನೊಂದು ತುದಿ ಹಿಡಿದ. ಹೌದು, ಏಟು ತಿಂದ ಅದೇ ಪೌಲಪ್ಪ. ಆದರೆ ಮಾತಾಡುವಂತಿಲ್ಲವಲ್ಲ! ಕಾಕಾನ ಪಕ್ಕದ ಬೇವಿನ ಗಿಡ ನೋಡಿ ಕೂಗಿದ:

"ಏ ಬೇವಿನ ಗಿಡಾ, ಬಿಗಿ ಹಿಡೀಲೇ! ಸಡ್ಲ ಆತು!"

ಕಾಕಾ ಬಿಗಿ ಹಿಡಿದ.

"ಗಿಡಾ, ಈಗ ಎಡಕ್ಕ ಸರಿ!"

ಕಾಕಾ ಸರಿದ. ಓಣಿಗೆ ಓಣಿಯೇ ನಕ್ಕಿತು. ಮರುಗಳಿಗೆ ಎಲ್ಲರೂ ಬೀದಿಗಿಳಿದು ಗಿಡದೊಡನೆ ಮಾತಾಡತೊಡಗಿದೆವು.

ಹಾಸು ಉಳಿಯಿತು. ಕಾಕಾ ಪೌಲಪ್ಪನ ಕೆನ್ನೆ ಮುಟ್ಟಿ, "ತಪ್ಪಾತೋ ತಮ್ಮಾ" ಎಂದು ಅತ್ತೇಬಿಟ್ಟ. ನನ್ನ ಕಣ್ಣೂ ಒದ್ದೆಯಾದವು.

ರವಿವಾರ ಅವನನ್ನು ಒಳಗೆ ಸೇರಿಸಿಕೊಳ್ಳುವ ಚೀಟಿಯನ್ನೂ ನಾನೇ ಬರೆದು ಓದಿದೆ. ಮುಗಿಸುತ್ತಿದ್ದಂತೆ ಕಾಕಾ ಹಿಂದಿನ ಬೆಂಚಿನಿಂದ ನಗುತ್ತಾ ಕೇಳಿದ:

"ಖರೆ ಹೇಳಲೇ, ಗಾಳಿ ಎದ್ದಾಗ ನೀ ಬಾಗಲದಾಗ ನಿಂತು ನೋಡಿದೆಲ್ಲಾ, ನಿನ್ನ ಹೊರಗ ಹಾಕೂ ಚೀಟಿ ಬರಿಯಾವ್ರು ಯಾರು?"